ಇಲಿಯ ಕಿಣ್ವದ ಜೀನ್ ಯಾವ ವರ್ಣತಂತುವಿನಲ್ಲಿದೆ? ಹೈಬ್ರಿಡ್ ಕೋಶಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಈ ವಿಧಾನದ ತಿರುಳೇನು?

ಇಲಿಯ (ಮೌಸ್) ಕೋಶವನ್ನು ಚೀನೀ ಹ್ಯಾಮ್‌ಸ್ಟರ್‌ನ ಕೋಶದೊಂದಿಗೆ ಬೆಸೆದರೆ ಹುಟ್ಟುವ ಹೈಬ್ರಿಡ್ ಕೋಶ, ಬೆಳೆಯುತ್ತ ಹೋದಂತೆ ಇಲಿಯ ವರ್ಣತಂತುಗಳನ್ನು ಕಳೆದುಕೊಳ್ಳುತ್ತದೆ. ಹ್ಯಾಮ್‌ಸ್ಟರ್‌ನವು ಉಳಿಯುತ್ತವೆ. ಯಾವ ಕ್ಲೋನ್ (ಒಂದೇ ಹೈಬ್ರಿಡ್ ಕೋಶದಿಂದ ಬೆಳೆದ ಕೋಶಗಳ ಗುಂಪು) ಯಾವ ವರ್ಣತಂತುವನ್ನು ಬಿಟ್ಟುಕೊಡುತ್ತದೆ ಎಂಬುದು ಬಹುಮಟ್ಟಿಗೆ ಆಕಸ್ಮಿಕ. ಹೀಗಾಗಿ ಪ್ರತಿ ಕ್ಲೋನೂ ಒಂದು ಹಾಜರಿ ಪುಸ್ತಕ ಇದ್ದಂತೆ: ಇಲಿಯ 19 ಅಲಿಂಗ ವರ್ಣತಂತುಗಳು ಮತ್ತು ಎಕ್ಸ್, ಇವುಗಳಲ್ಲಿ ಯಾರು ಬಂದಿದ್ದಾರೆ, ಯಾರು ಬಂದಿಲ್ಲ. ಇದೇ ಕ್ಲೋನ್‌ಗಳಲ್ಲಿ ಇಲಿಯ ಕಿಣ್ವದ ಹಾಜರಿಯನ್ನೂ ತೆಗೆದುಕೊಳ್ಳಿ. ಎಲ್ಲ ಕ್ಲೋನ್‌ಗಳಲ್ಲೂ ಕಿಣ್ವದ ಜೊತೆಗೇ ಬಂದು ಜೊತೆಗೇ ಹೋಗುವ ವರ್ಣತಂತು ಯಾವುದೋ, ಜೀನ್ ಇರುವುದು ಅಲ್ಲಿ.

ಇಲಿಗಳನ್ನು ಕೂಡಿಸಿ ಮರಿಗಳಲ್ಲಿ ನೋಡಬಹುದಲ್ಲ? ಕೋಶ ಬೆಸೆಯುವ ಗೋಜು ಯಾಕೆ?

ಕೂಡಿಸಿ ನೋಡಬೇಕಾದರೆ ಆ ಕಿಣ್ವ ಎರಡು ಇಲಿ ತಳಿಗಳಲ್ಲಿ ಬೇರೆ ಬೇರೆ ರೂಪದಲ್ಲಿರಬೇಕು. ಬಹಳಷ್ಟು ಕಿಣ್ವಗಳು ಎಲ್ಲ ಪ್ರಯೋಗಾಲಯ ತಳಿಗಳಲ್ಲೂ ಜೆಲ್‌ನಲ್ಲಿ (ವಿದ್ಯುತ್ ಹಾಯಿಸಿ ಪ್ರೋಟೀನ್‌ಗಳನ್ನು ಬೇರ್ಪಡಿಸುವ ಪದರದಲ್ಲಿ) ಒಂದೇ ಥರ ಓಡುತ್ತವೆ, ಅಲ್ಲಿಗೆ ದಾರಿ ಮುಚ್ಚಿತು. ಹೈಬ್ರಿಡ್ ಕೋಶಕ್ಕೆ ಆ ಷರತ್ತಿಲ್ಲ. ಇಲಿಗೂ ಹ್ಯಾಮ್‌ಸ್ಟರ್‌ಗೂ ನಡುವೆ ವ್ಯತ್ಯಾಸವಿದ್ದರೆ ಸಾಕು, ಎರಡು ಪ್ರಭೇದಗಳ ನಡುವೆ ಅದು ಸಾಮಾನ್ಯವಾಗಿ ಸಿಗುತ್ತದೆ.

ಕೊರತೆಯೂ ಇದೆ. ಒಂದೇ ವರ್ಣತಂತುವಿನ ಮೇಲೆ ಎರಡು ಜೀನ್‌ಗಳು ಎಷ್ಟು ದೂರದಲ್ಲಿವೆ, ಯಾವುದು ಮೊದಲು ಯಾವುದು ನಂತರ ಎಂಬುದನ್ನು ಈ ವಿಧಾನ ಹೇಳುವುದಿಲ್ಲ. ಅದಕ್ಕೆ ಇಲಿಗಳನ್ನು ಕೂಡಿಸುವುದೇ ಸರಿ.

ಇದು ಎಂದಿನಿಂದ ಬಳಕೆಯಲ್ಲಿದೆ?

ಪ್ರಯೋಗಾಲಯದ ಕೃಷಿಕೆಯಲ್ಲಿ ಇಲಿ ಕೋಶಗಳು ತಾವಾಗಿಯೇ ಬೆಸೆದುಕೊಂಡದ್ದನ್ನು ಬಾರ್ಸ್ಕಿ ತಂಡ ಫ್ರಾನ್ಸ್‌ನಲ್ಲಿ 1960ರಲ್ಲಿ ಗುರುತಿಸಿತು. 1964ರಲ್ಲಿ ಲಿಟಲ್‌ಫೀಲ್ಡ್ ಹ್ಯಾಟ್ (ಹೈಪೊಕ್ಸಾಂಥಿನ್, ಅಮಿನಾಪ್ಟರಿನ್, ಥೈಮಿಡಿನ್ ಇರುವ) ಮಾಧ್ಯಮದಿಂದ ಹೈಬ್ರಿಡ್‌ಗಳನ್ನು ಆರಿಸುವ ದಾರಿ ತೋರಿಸಿದರು. 1967ರಲ್ಲಿ ವೈಸ್ ಮತ್ತು ಗ್ರೀನ್ ಮನುಷ್ಯ-ಇಲಿ ಹೈಬ್ರಿಡ್‌ಗಳಲ್ಲಿ ಮನುಷ್ಯನ ವರ್ಣತಂತುಗಳು ಕಳೆದುಹೋಗುವುದನ್ನು ಕಂಡರು. ಇಲಿಯ ನಕ್ಷೆಗೆ ಅದು ಉಪಯೋಗವಿಲ್ಲ, ಏಕೆಂದರೆ ಅಲ್ಲಿ ಇಲಿಯದ್ದೇ ಉಳಿಯುತ್ತದೆ. ಇಲಿಯ ವರ್ಣತಂತುಗಳೇ ಹೋಗಬೇಕೆಂದರೆ ಜೊತೆಗಾರನನ್ನು ಬದಲಿಸಬೇಕು. ಹ್ಯಾಮ್‌ಸ್ಟರ್ ಬಂದದ್ದು ಹೀಗೆ. ವರ್ಣತಂತುಗಳನ್ನು ಪಟ್ಟೆಗಳಿಂದ ಗುರುತಿಸುವ ವಿಧಾನಗಳು 1970ರ ಆಸುಪಾಸಿನಲ್ಲಿ ಬಂದ ಮೇಲೆ ಕೆಲಸ ವೇಗ ಪಡೆಯಿತು.

ಯಾವ ಕೋಶಗಳನ್ನು ಬೆಸೆಯಬೇಕು?

ಹ್ಯಾಮ್‌ಸ್ಟರ್ ಕಡೆಯಿಂದ ಒಂದು ಕಿಣ್ವದ ಕೊರತೆಯಿರುವ ಕೋಶಸಾಲು (ಪ್ರಯೋಗಾಲಯದಲ್ಲಿ ಬೆಳೆಯುತ್ತಲೇ ಇರುವ ಕೋಶಗಳು) ಬೇಕು, ಬೆಸೆಯದೆ ಉಳಿದದ್ದು ಹ್ಯಾಟ್‌ನಲ್ಲಿ ಸಾಯಲಿ ಎಂದು. ಇ36 ಸಾಲಿನಲ್ಲಿ ಎಚ್‌ಪಿಆರ್‌ಟಿ (ಹೈಪೊಕ್ಸಾಂಥಿನನ್ನು ಬಳಸಿಕೊಳ್ಳುವ) ಕಿಣ್ವ ಇಲ್ಲ, ಎ23 ಸಾಲಿನಲ್ಲಿ ಥೈಮಿಡಿನ್ ಕೈನೇಸ್ ಇಲ್ಲ. ಇಲಿಯ ಕಡೆಯಿಂದ ನೇರವಾಗಿ ಪ್ರಾಣಿಯಿಂದ ತೆಗೆದ ಕೋಶಗಳೇ ಒಳ್ಳೆಯವು: ಗುಲ್ಮದ ಲಿಂಫೋಸೈಟ್, ಹೊಟ್ಟೆಯ ಪೊರೆಯ ಮ್ಯಾಕ್ರೋಫೇಜ್, ಭ್ರೂಣದ ಫೈಬ್ರೋಬ್ಲಾಸ್ಟ್.

ಫ್ರೀಜರಿನಲ್ಲಿ ಸಿದ್ಧವಾಗಿ ಸಿಗುತ್ತವೆ ಎಂದು ಇಲಿಯ ಎಲ್-ಕೋಶಗಳಂಥ ಹಳೆಯ ಸಾಲುಗಳಿಗೆ ಕೈ ಹಾಕಬೇಡಿ. ದಶಕಗಳಿಂದ ಬಾಟಲಿಯಲ್ಲಿ ಬೆಳೆದ ಅವುಗಳ ವರ್ಣತಂತುಗಳು ಮುರಿದು ಬೇರೆ ಬೇರೆ ಕಡೆ ಅಂಟಿಕೊಂಡಿವೆ. 4ನೇ ವರ್ಣತಂತು ಎಂದು ಬರೆದುಕೊಂಡದ್ದರ ತುದಿಯಲ್ಲಿ ಇನ್ನಾವುದರದ್ದೋ ತುಂಡು ಇರಬಹುದು. ಮೇಲಾಗಿ ಇಂಥ ಸಾಲುಗಳನ್ನು ಬಳಸಿದಾಗ ಇಲಿಯ ವರ್ಣತಂತುಗಳು ಸರಿಯಾಗಿ ಕಳೆದುಹೋಗುವುದೂ ಇಲ್ಲ.

ಬೆಸುಗೆ ಹೇಗೆ ಹಾಕುವುದು?

ಹಿಂದೆ ನೇರಳಾತೀತ ಕಿರಣದಿಂದ ನಿಷ್ಕ್ರಿಯಗೊಳಿಸಿದ ಸೆಂಡೈ ವೈರಸ್ ಬಳಸುತ್ತಿದ್ದರು. 1975ರಿಂದ ಈಚೆಗೆ ಪಾಲಿಎಥಿಲೀನ್ ಗ್ಲೈಕಾಲ್ ಅದರ ಜಾಗ ಹಿಡಿಯಿತು. ಒಂದು ಸರಳ ಕ್ರಮ ಹೀಗಿದೆ.

50 ಲಕ್ಷ ಹ್ಯಾಮ್‌ಸ್ಟರ್ ಕೋಶಗಳಿಗೆ ಸುಮಾರು 1 ಕೋಟಿ ಗುಲ್ಮದ ಕೋಶಗಳನ್ನು ಸೇರಿಸಿ. ಸೀರಮ್ ಇಲ್ಲದ ಮಾಧ್ಯಮದಲ್ಲಿ ಎರಡು ಸಲ ತೊಳೆದು, ತಿರುಗಿಸಿ ತಳಕ್ಕಿಳಿಸಿ. ಮೇಲಿನ ದ್ರವವನ್ನು ಪೂರ್ತಿ ಹೀರಿ ತೆಗೆಯಿರಿ. ಇಲ್ಲಿ ಉಳಿದ ನಾಲ್ಕು ಹನಿ ಗ್ಲೈಕಾಲನ್ನು ತೆಳುಮಾಡಿ ಬೆಸುಗೆಯನ್ನೇ ಕೆಡಿಸುತ್ತದೆ. ಕೊಳವೆಯ ತಳವನ್ನು ಬೆರಳಿನಿಂದ ತಟ್ಟಿ ಕೋಶಗಳನ್ನು ಸಡಿಲಿಸಿ, 37 ಡಿಗ್ರಿಗೆ ಬೆಚ್ಚಗೆ ಮಾಡಿದ 50% ಗ್ಲೈಕಾಲ್ (ಅಣುತೂಕ 1000ದಿಂದ 1500) 1 ಮಿಲಿಲೀಟರನ್ನು ಒಂದು ನಿಮಿಷದಲ್ಲಿ ಹನಿಹನಿಯಾಗಿ ಬಿಡಿ. ಇನ್ನೊಂದು ನಿಮಿಷ ಬಿಟ್ಟು, ಮೊದಲ ನಿಮಿಷದಲ್ಲಿ 1 ಮಿಲಿಲೀಟರ್ ಸೀರಮ್‌ರಹಿತ ಮಾಧ್ಯಮ, ಆಮೇಲಿನ ನಾಲ್ಕೈದು ನಿಮಿಷಗಳಲ್ಲಿ 9 ಮಿಲಿಲೀಟರ್ ಸೇರಿಸಿ. ಅವಸರದಲ್ಲಿ ಒಮ್ಮೆಲೇ ಸುರಿದರೆ ಕೋಶಗಳು ಒಡೆಯುತ್ತವೆ. ನಿಧಾನವಾಗಿ ತಿರುಗಿಸಿ, ಸಾಧಾರಣ ಮಾಧ್ಯಮದಲ್ಲಿ 20-30 ತಟ್ಟೆಗಳಿಗೆ ಹಂಚಿ. 24 ಗಂಟೆಗಳ ನಂತರ ಹ್ಯಾಟ್ ಹಾಕಿ.

ಅಷ್ಟು ತಟ್ಟೆ ಯಾಕೆಂದರೆ, ಒಂದು ತಟ್ಟೆಯಿಂದ ಒಂದೇ ಕಾಲೊನಿ ತೆಗೆಯಬೇಕು. ಒಂದೇ ತಟ್ಟೆಯ ಎರಡು ಕಾಲೊನಿಗಳು ಒಂದೇ ತಾಯಿಯ ಮಕ್ಕಳಾಗಿರಬಹುದು. ಅವನ್ನು ಎರಡು ಸಾಕ್ಷಿ ಎಂದು ಎಣಿಸಿದರೆ ಲೆಕ್ಕ ಸುಳ್ಳಾಗುತ್ತದೆ.

ಹ್ಯಾಟ್ ಮಾಧ್ಯಮದ ಪ್ರಮಾಣವೇನು? ಎಲ್ಲ ಕೋಶಗಳೂ ಸಾಯುತ್ತಿವೆಯಲ್ಲ!

ಹೈಪೊಕ್ಸಾಂಥಿನ್ 100 ಮೈಕ್ರೋಮೋಲಾರ್, ಅಮಿನಾಪ್ಟರಿನ್ 0.4 ಮೈಕ್ರೋಮೋಲಾರ್, ಥೈಮಿಡಿನ್ 16 ಮೈಕ್ರೋಮೋಲಾರ್. ಅಮಿನಾಪ್ಟರಿನ್ ನ್ಯೂಕ್ಲಿಯೊಟೈಡ್‌ಗಳನ್ನು ಹೊಸದಾಗಿ ತಯಾರಿಸುವ ದಾರಿಯನ್ನು ಕಟ್ಟಿಹಾಕುತ್ತದೆ. ಆಗ ಎಚ್‌ಪಿಆರ್‌ಟಿ ಮತ್ತು ಥೈಮಿಡಿನ್ ಕೈನೇಸ್ ಎರಡೂ ಇರುವ ಕೋಶ ಮಾತ್ರ, ಹೊರಗಿನಿಂದ ಕೊಟ್ಟ ಹೈಪೊಕ್ಸಾಂಥಿನ್, ಥೈಮಿಡಿನ್ ಬಳಸಿ ಬದುಕುತ್ತದೆ. ಕೊರತೆಯ ಹ್ಯಾಮ್‌ಸ್ಟರ್ ಕೋಶ ಸಾಯುತ್ತದೆ. ಇಲಿಯ ಲಿಂಫೋಸೈಟ್ ಸಾಯದಿದ್ದರೂ ತಟ್ಟೆಗೆ ಅಂಟಿ ಕಾಲೊನಿ ಕಟ್ಟುವುದಿಲ್ಲ, ಮಾಧ್ಯಮ ಬದಲಿಸುವಾಗ ತೇಲಿ ಹೋಗುತ್ತದೆ. ಫೈಬ್ರೋಬ್ಲಾಸ್ಟ್ ಬಳಸಿದರೆ ಈ ಅನುಕೂಲ ಇಲ್ಲ: ಅದು ಅಂಟುತ್ತದೆ, ಹ್ಯಾಟ್‌ನಲ್ಲಿ ಬೆಳೆಯಲೂ ಬೆಳೆಯುತ್ತದೆ. ಆದ್ದರಿಂದ ಕಾಲೊನಿಯ ಆಕಾರ ನೋಡಿ ಆರಿಸಬೇಕಾಗುತ್ತದೆ.

ಎಲ್ಲವೂ ಸಾಯುತ್ತಿದ್ದರೆ ಮೊದಲು ಮಾಧ್ಯಮದ ಪಟ್ಟಿಯಲ್ಲಿ ಗ್ಲೈಸಿನ್ ಇದೆಯೇ ನೋಡಿ. ಅಮಿನಾಪ್ಟರಿನ್ ಗ್ಲೈಸಿನ್ ತಯಾರಿಕೆಯನ್ನೂ ತಡೆಯುತ್ತದೆ. ಈಗಲ್‌ನ ಮಿನಿಮಮ್ ಮಾಧ್ಯಮದಲ್ಲಿ ಗ್ಲೈಸಿನ್ ಇಲ್ಲ, ಡಲ್ಬೆಕೊ ಮಾರ್ಪಾಟಿನಲ್ಲಿ ಇದೆ. ಎರಡನೆಯ ಅನುಮಾನ ಮೈಕೊಪ್ಲಾಸ್ಮ, ಅಂದರೆ ಕೃಷಿಕೆಗೆ ಸೇರಿಕೊಳ್ಳುವ ಸಣ್ಣ ಬ್ಯಾಕ್ಟೀರಿಯಾ. ಅನೇಕ ಮೈಕೊಪ್ಲಾಸ್ಮಗಳು ಥೈಮಿಡಿನನ್ನು ಒಡೆದು ಹಾಕುತ್ತವೆ, ಹೈಬ್ರಿಡ್ ಕೋಶ ಊಟವಿಲ್ಲದೆ ಸಾಯುತ್ತದೆ.

ಏನೂ ಸಾಯುತ್ತಿಲ್ಲ ಎಂಬ ದೂರು ಇದಕ್ಕಿಂತ ಕೆಟ್ಟದ್ದು. ಬೆಸೆಯದ ಹ್ಯಾಮ್‌ಸ್ಟರ್ ಕೋಶಗಳನ್ನಷ್ಟೇ ಹ್ಯಾಟ್‌ಗೆ ಹಾಕಿದ ಒಂದು ತಟ್ಟೆ ಪ್ರತಿ ಸಲವೂ ಇರಲೇಬೇಕು. ಅದರಲ್ಲಿ ಕಾಲೊನಿ ಎದ್ದರೆ ಆ ಸುತ್ತಿನ ಬೇರಾವ ಕಾಲೊನಿಯನ್ನೂ ನಂಬುವಂತಿಲ್ಲ. ಸಾಮಾನ್ಯವಾಗಿ ಕಾಲೊನಿಗಳು ಎರಡು-ಮೂರು ವಾರಗಳಲ್ಲಿ ಕಣ್ಣಿಗೆ ಕಾಣುತ್ತವೆ.

ಇಲಿಯ ಕಿಣ್ವದ ಪಟ್ಟಿ (ಬಣ್ಣದ ಗೆರೆ), ಹ್ಯಾಮ್‌ಸ್ಟರ್‌ನ ಪಟ್ಟಿ ಜೆಲ್‌ನಲ್ಲಿ ಹೇಗೆ ಕಾಣುತ್ತವೆ?

ಗ್ಲೂಕೋಸ್ ಫಾಸ್ಫೇಟ್ ಐಸೊಮರೇಸ್, ಅಂದರೆ ಜಿಪಿಐ, ನೋಡೋಣ. ಇಲಿಯಲ್ಲಿ ಇದರ ಜೀನ್ 7ನೇ ವರ್ಣತಂತುವಿನಲ್ಲಿದೆ.

ಸುಮಾರು 1 ಕೋಟಿ ಕೋಶಗಳನ್ನು ಉಪ್ಪುನೀರ ಬಫರಿನಲ್ಲಿ ಮೂರು ಸಲ ತೊಳೆದು, ಅಷ್ಟೇ ಗಾತ್ರದ ಬಫರ್ ಹಾಕಿ, ಮೂರು ಸಲ ಹೆಪ್ಪುಗಟ್ಟಿಸಿ ಕರಗಿಸಿ. 12,000 ಜಿಯಲ್ಲಿ 20 ನಿಮಿಷ ತಿರುಗಿಸಿದ ಮೇಲೆ ಸಿಗುವ ತಿಳಿ ದ್ರವವೇ ಲೈಸೇಟ್. ತೊಳೆಯುವುದರಲ್ಲಿ ಆಲಸ್ಯ ಮಾಡಿದರೆ ಸೀರಮ್‌ನಲ್ಲಿರುವ ಹಸುವಿನ ಕಿಣ್ವಗಳು ಮೂರನೆಯ ಪ್ರಾಣಿಯ ಪಟ್ಟಿಗಳಾಗಿ ಜೆಲ್‌ನಲ್ಲಿ ಬಂದು ಕೂರುತ್ತವೆ. ಪಿಷ್ಟದ ಜೆಲ್ ಆದರೆ 4 ಡಿಗ್ರಿಯಲ್ಲಿ ರಾತ್ರಿಯಿಡೀ ಓಡಿಸಿ. ಸೆಲ್ಯುಲೋಸ್ ಅಸಿಟೇಟ್ ಹಾಳೆಯಾದರೆ ಎರಡು-ಮೂರು ಗಂಟೆ ಸಾಕು.

ಬಣ್ಣಕ್ಕೆ: 0.1 ಮೋಲಾರ್ ಟ್ರಿಸ್ ಬಫರ್ (ಪಿಎಚ್ 8.0) 25 ಮಿಲಿಲೀಟರ್, ಫ್ರಕ್ಟೋಸ್-6-ಫಾಸ್ಫೇಟ್ 20 ಮಿಲಿಗ್ರಾಂ, ಎನ್‌ಎಡಿಪಿ 5 ಮಿಲಿಗ್ರಾಂ, ಎಂಟಿಟಿ (ನೀಲಿ ಬಣ್ಣ ಕೊಡುವ ವಸ್ತು) 5 ಮಿಲಿಗ್ರಾಂ, ಪಿಎಂಎಸ್ (ಎಲೆಕ್ಟ್ರಾನ್ ಸಾಗಿಸುವ ವಸ್ತು) 1 ಮಿಲಿಗ್ರಾಂ, ಚಿಟಿಕೆ ಮೆಗ್ನೀಸಿಯಂ ಕ್ಲೋರೈಡ್, ಗ್ಲೂಕೋಸ್-6-ಫಾಸ್ಫೇಟ್ ಡಿಹೈಡ್ರೋಜಿನೇಸ್ 10-20 ಘಟಕ. ಇದಕ್ಕೆ 50 ಡಿಗ್ರಿಗೆ ಆರಿಸಿದ 2% ಅಗಾರ್ ಅಷ್ಟೇ ಪ್ರಮಾಣ ಬೆರೆಸಿ ಜೆಲ್ ಮೇಲೆ ಹೊಯ್ಯಿರಿ. 37 ಡಿಗ್ರಿಯಲ್ಲಿ, ಕತ್ತಲಲ್ಲಿ ಇಡಿ. ಬೆಳಕು ಬಿದ್ದರೆ ಪಿಎಂಎಸ್ ಇಡೀ ಜೆಲ್ಲನ್ನೇ ನೀಲಿ ಮಾಡಿಬಿಡುತ್ತದೆ. ಜಿಪಿಐ ತುಂಬ ಚುರುಕಿನ ಕಿಣ್ವ, ಕೆಲವೇ ನಿಮಿಷಗಳಲ್ಲಿ ಪಟ್ಟಿಗಳು ಮೂಡುತ್ತವೆ. ಕಣ್ಣಿಟ್ಟು ಕಾಯ್ದು ಅಸಿಟಿಕ್ ಆಮ್ಲದಿಂದ ನಿಲ್ಲಿಸಿ. ಹತ್ತು ನಿಮಿಷ ಮರೆತರೆ ಪಟ್ಟಿಗಳೆಲ್ಲ ಒಂದಾಗಿ ಹರಡುತ್ತವೆ.

ಜಿಪಿಐ ಎರಡು ಉಪಘಟಕಗಳ (ಪ್ರೋಟೀನ್ ಸರಪಳಿಗಳ) ಕಿಣ್ವ. ಆದ್ದರಿಂದ ಇಲಿಯ ಜೀನ್ ಇರುವ ಹೈಬ್ರಿಡ್‌ನಲ್ಲಿ ಮೂರು ಪಟ್ಟಿ: ಒಂದು ಕೊನೆಗೆ ಇಲಿಯದು, ಇನ್ನೊಂದು ಕೊನೆಗೆ ಹ್ಯಾಮ್‌ಸ್ಟರ್‌ನದು, ನಡುವೆ ಎರಡರ ಬೆರಕೆ. ಒಂದೇ ಉಪಘಟಕದ ಕಿಣ್ವದಲ್ಲಿ, ಉದಾಹರಣೆಗೆ ಮ್ಯಾನೋಸ್ ಫಾಸ್ಫೇಟ್ ಐಸೊಮರೇಸ್‌ನಲ್ಲಿ, ಎರಡೇ ಪಟ್ಟಿ. ಮೂರು ಉಪಘಟಕಗಳ ಪ್ಯೂರಿನ್ ನ್ಯೂಕ್ಲಿಯೊಸೈಡ್ ಫಾಸ್ಫೊರಿಲೇಸ್‌ಗೆ ನಾಲ್ಕು, ನಾಲ್ಕು ಉಪಘಟಕಗಳ ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್‌ಗೆ ಐದು.

ನಡುವಿನ ಪಟ್ಟಿಗೆ ಅಷ್ಟೊಂದು ಮಹತ್ವ ಯಾಕೆ?

ಎರಡು ಪ್ರಾಣಿಗಳ ಉಪಘಟಕಗಳು ಒಂದೇ ಕೋಶದೊಳಗೆ ತಯಾರಾದರೆ ಮಾತ್ರ ಬೆರಕೆ ಪಟ್ಟಿ ಬರುತ್ತದೆ. ಇಲಿಯ ಲೈಸೇಟನ್ನೂ ಹ್ಯಾಮ್‌ಸ್ಟರ್‌ನದ್ದನ್ನೂ ಕೊಳವೆಯಲ್ಲಿ ಬೆರೆಸಿ ಓಡಿಸಿದರೆ ಜಿಪಿಐಗೆ ಎರಡೇ ಪಟ್ಟಿ. ಈ ಬೆರಕೆ ಲೈಸೇಟ್ ಪ್ರತಿ ಜೆಲ್‌ನಲ್ಲೂ ಒಂದು ಸಾಲಿನಲ್ಲಿರಲಿ.

ಪ್ರಮಾಣವೂ ಕಥೆ ಹೇಳುತ್ತದೆ. ಪ್ರತಿ ಕೋಶದಲ್ಲೂ ಇಲಿಯ ಉಪಘಟಕ 10% ಮಾತ್ರ ಇದೆಯೆನ್ನಿ. ಆಗ ಶುದ್ಧ ಇಲಿ ಪಟ್ಟಿ ಒಟ್ಟು ಕಿಣ್ವದ 1%, ಬೆರಕೆ ಪಟ್ಟಿ 18%. ಇಲಿ ಪಟ್ಟಿ ಕಣ್ಣಿಗೇ ಬೀಳದು, ನಡುವಿನದು ಎದ್ದು ಕಾಣುತ್ತದೆ. ಬದಲಿಗೆ ಹತ್ತರಲ್ಲಿ ಒಂದು ಕೋಶ ಮಾತ್ರ ಆ ವರ್ಣತಂತುವನ್ನು ಇಟ್ಟುಕೊಂಡು ಅದರೊಳಗೆ ಎರಡೂ ಸಮಸಮ ತಯಾರಾಗುತ್ತಿದ್ದರೆ ಇಲಿ ಪಟ್ಟಿ 2.5%, ಬೆರಕೆ 5%. ಎರಡೂ ಮಸುಕು. ಅಂಥ ಜೆಲ್ ಕಂಡಾಗ ಕ್ಲೋನ್‌ನೊಳಗೆ ಎರಡು ಬಗೆಯ ಕೋಶಗಳಾಗಿವೆ ಎಂದು ಅನುಮಾನಿಸಿ, ಮತ್ತೆ ಉಪಕ್ಲೋನ್ ಮಾಡಿ.

ವರ್ಣತಂತುಗಳನ್ನು ಗುರುತಿಸುವುದು ಹೇಗೆ? ಇಲಿಯವೆಲ್ಲ ಒಂದೇ ಥರ ಕಾಣುತ್ತವೆ.

ನಿಜ, ಈ ಕೆಲಸದಲ್ಲಿ ಜನ ಸೋಲುವುದು ಇಲ್ಲಿಯೇ. ಇಲಿಯ 40 ವರ್ಣತಂತುಗಳೂ ಒಂದೇ ಕಡೆ ತೋಳಿರುವ ಕಡ್ಡಿಗಳು. ಚೀನೀ ಹ್ಯಾಮ್‌ಸ್ಟರ್‌ನಲ್ಲಿ 22 ಮಾತ್ರ, ಹೆಚ್ಚಿನವು ದೊಡ್ಡವು, ಎರಡು ಕಡೆ ತೋಳಿರುವವು. ಹೀಗಾಗಿ ಇಲಿಯದ್ದು ಯಾವುದು, ಹ್ಯಾಮ್‌ಸ್ಟರ್‌ನದು ಯಾವುದು ಎಂದು ಬೇರ್ಪಡಿಸುವುದು ಅಷ್ಟು ಕಷ್ಟವಲ್ಲ. ಇಲಿಯದ್ದರಲ್ಲಿ ಇದು 12ನೆಯದೋ 14ನೆಯದೋ ಎಂದು ಹೇಳುವುದು ಕಷ್ಟ.

ಮೊದಲು ಟ್ರಿಪ್ಸಿನ್-ಗಿಮ್ಸಾ ಅಥವಾ ಕ್ವಿನಾಕ್ರಿನ್ ಪಟ್ಟೆಗಳಿಂದ ಚಿತ್ರ ತೆಗೆಯಿರಿ. ಅದೇ ಗಾಜಿನ ಅದೇ ಕೋಶವನ್ನು ಹೋಕ್ಸ್ಟ್ 33258 ಬಣ್ಣದಿಂದ ಮತ್ತೆ ನೋಡಿ. ಇಲಿಯ ಸೆಂಟ್ರೋಮಿಯರ್ ಬಳಿಯ ಉಪಗ್ರಹ ಡಿಎನ್‌ಎಯಲ್ಲಿ ಅಡೆನಿನ್-ಥೈಮಿನ್ ಜೋಡಿಗಳು ಹೆಚ್ಚು, ಅದು ಹೊಳೆಯುವ ಚುಕ್ಕೆಯಾಗಿ ಕಾಣುತ್ತದೆ. ಹ್ಯಾಮ್‌ಸ್ಟರ್‌ಗೆ ಆ ಚುಕ್ಕೆ ಇಲ್ಲ. ಇಲಿಯ ವೈ ವರ್ಣತಂತುವಿಗೂ ಇಲ್ಲ ಎಂಬುದು ನೆನಪಿರಲಿ. ಚುಕ್ಕೆ ಇಲ್ಲವೆಂದ ಮಾತ್ರಕ್ಕೆ ಹ್ಯಾಮ್‌ಸ್ಟರ್‌ನದು ಎಂದು ಬರೆಯಬೇಡಿ. ಸೆಂಟ್ರೋಮಿಯರ್ ಕಳೆದುಕೊಂಡು ಹ್ಯಾಮ್‌ಸ್ಟರ್ ವರ್ಣತಂತುವಿಗೆ ಅಂಟಿದ ಇಲಿಯ ತುಂಡೂ ಈ ಬಣ್ಣಕ್ಕೆ ಸಿಗುವುದಿಲ್ಲ.

ಕ್ಲೋನ್ ಒಂದಕ್ಕೆ ಕನಿಷ್ಠ 20-30 ಮೆಟಾಫೇಸ್ (ವಿಭಜನೆಯ ವೇಳೆ ವರ್ಣತಂತುಗಳು ಬಿಡಿಬಿಡಿಯಾಗಿ ಕಾಣುವ ಕೋಶ) ಎಣಿಸಿ. ಐದು ಚಂದದ ಚಿತ್ರಗಳು ಸಾಲವು.

ಕಿಣ್ವ ನೋಡುವುದು, ವರ್ಣತಂತು ಎಣಿಸುವುದು ಒಂದೇ ದಿನ ಆಗಲೇಬೇಕೇ?

ಎಣಿಕೆ ಯಾವಾಗಲಾದರೂ ಆಗಲಿ, ಕೋಶಗಳನ್ನು ತೆಗೆಯುವುದು ಮಾತ್ರ ಒಂದೇ ಪ್ಯಾಸೇಜಿನ (ಹೊಸ ಬಾಟಲಿಗೆ ವರ್ಗಾಯಿಸಿದ ಒಂದು ಸುತ್ತಿನ) ಬಾಟಲಿಗಳಿಂದ, ಒಂದೇ ದಿನ ಆಗಬೇಕು. ಒಂದು ಪಾಲು ಲೈಸೇಟಿಗೆ, ಒಂದು ಪಾಲು ಗಾಜಿಗೆ, ಒಂದು ಪಾಲು ದ್ರವ ಸಾರಜನಕಕ್ಕೆ. ಹೈಬ್ರಿಡ್ ಕೋಶ ನಿಂತ ನೀರಲ್ಲ. ಈ ತಿಂಗಳ ಕಿಣ್ವವನ್ನು ಮೂರು ತಿಂಗಳ ಹಿಂದಿನ ವರ್ಣತಂತು ಎಣಿಕೆಯ ಜೊತೆ ಹೋಲಿಸಿದರೆ ಸಿಗುವ ಹೊಂದಿಕೆಗೂ ಬೆಲೆಯಿಲ್ಲ, ಹೊಂದದಿರುವಿಕೆಗೂ ಬೆಲೆಯಿಲ್ಲ.

ಎಷ್ಟು ಕ್ಲೋನ್ ಬೇಕು?

5 ಕ್ಲೋನ್‌ಗಳಿಂದ 32 ಬಗೆಯ ಹಾಜರಿ ಸಾಲುಗಳು ಸಾಧ್ಯ, 20 ವರ್ಣತಂತುಗಳಿಗೆ ಅಷ್ಟು ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಎಚ್ಚರಿಕೆಯಿಂದ ಆರಿಸಿಟ್ಟ ಕ್ಲೋನ್‌ಗಳ ಗುಂಪಿಗೆ, ಅಂದರೆ ಫಲಕಕ್ಕೆ, ಮಾತ್ರ ಆ ಲೆಕ್ಕ. ಸಿಕ್ಕ ಸಿಕ್ಕ ಕ್ಲೋನ್‌ಗಳಿಗೆ ಬೇರೆ ಲೆಕ್ಕ ಹಾಕಬೇಕು.

ಪ್ರತಿ ವರ್ಣತಂತುವೂ ಅರ್ಧದಷ್ಟು ಕ್ಲೋನ್‌ಗಳಲ್ಲಿ ಉಳಿದಿದ್ದರೆ, ಸಂಬಂಧವಿಲ್ಲದ ಒಂದು ವರ್ಣತಂತು 10 ಕ್ಲೋನ್‌ಗಳಲ್ಲೂ ಕಿಣ್ವದ ಜೊತೆ ಆಕಸ್ಮಿಕವಾಗಿ ಹೊಂದುವ ಸಂಭವ 1,024ರಲ್ಲಿ 1. ಉಳಿದ 19 ವರ್ಣತಂತುಗಳನ್ನೂ ಸೇರಿಸಿದರೆ ತಪ್ಪು ವರ್ಣತಂತುವೊಂದು ಹೊಂದುವ ಅಪಾಯ ಸುಮಾರು 2%. ಆದರೆ ಉಳಿಯುವ ಪ್ರಮಾಣ 20%ಕ್ಕೆ ಇಳಿದರೆ ಒಂದು ಕ್ಲೋನಿನಲ್ಲಿ ಆಕಸ್ಮಿಕ ಹೊಂದಿಕೆ 68%. ಅದೇ 10 ಕ್ಲೋನ್‌ಗಳಿಗೆ ಹೊಂದುವ ತಪ್ಪು ವರ್ಣತಂತುಗಳ ನಿರೀಕ್ಷಿತ ಸಂಖ್ಯೆ 0.4. ಅಂದರೆ ಸುಮಾರು ಮೂರರಲ್ಲಿ ಒಂದು ಸಲ ತಪ್ಪು ವರ್ಣತಂತುವೊಂದು ಹೊಂದುವ ಅಪಾಯ. ಬಹುತೇಕ ಎಲ್ಲವನ್ನೂ ಕಳೆದುಕೊಂಡ ಕ್ಲೋನ್‌ಗಳೂ, ಬಹುತೇಕ ಎಲ್ಲವನ್ನೂ ಇಟ್ಟುಕೊಂಡವೂ ಹೆಚ್ಚು ಹೇಳುವುದಿಲ್ಲ. 15-20 ಸ್ವತಂತ್ರ ಕ್ಲೋನ್‌ಗಳು, ಎರಡು ಬೇರೆ ಬೇರೆ ಬೆಸುಗೆಗಳಿಂದ ಬಂದವು, ಇದ್ದರೆ ಧೈರ್ಯವಾಗಿ ಬರೆಯಬಹುದು.

ಕೋಷ್ಟಕವನ್ನು ಓದುವುದು ಹೇಗೆ?

ಒಂದು ಕಾಲ್ಪನಿಕ ಉದಾಹರಣೆ. 12 ಕ್ಲೋನ್‌ಗಳಲ್ಲಿ ಇಲಿಯ ಮ್ಯಾನೋಸ್ ಫಾಸ್ಫೇಟ್ ಐಸೊಮರೇಸ್ 5ರಲ್ಲಿದೆ, 7ರಲ್ಲಿ ಇಲ್ಲ. 9ನೇ ವರ್ಣತಂತು ಅದೇ 5ರಲ್ಲಿದೆ, ಅದೇ 7ರಲ್ಲಿ ಇಲ್ಲ. 4ನೇ ವರ್ಣತಂತು 10 ಕ್ಲೋನ್‌ಗಳಲ್ಲಿ ಹೊಂದುತ್ತದೆ, ಎರಡರಲ್ಲಿ ತಪ್ಪುತ್ತದೆ: ಒಂದರಲ್ಲಿ ಕಿಣ್ವವಿದೆ, 4 ಇಲ್ಲ, ಇನ್ನೊಂದರಲ್ಲಿ 4 ಇದೆ, ಕಿಣ್ವ ಇಲ್ಲ. ಉಳಿದ ವರ್ಣತಂತುಗಳೆಲ್ಲ ನಾಲ್ಕಕ್ಕಿಂತ ಹೆಚ್ಚು ಕಡೆ ತಪ್ಪುತ್ತವೆ.

ಉತ್ತರ 9. ಆದರೆ ಇಡೀ ತೀರ್ಮಾನ 4ನ್ನು ತಳ್ಳಿಹಾಕಿದ ಆ ಎರಡು ಕ್ಲೋನ್‌ಗಳ ಹೆಗಲ ಮೇಲಿದೆ. ಆ ಎರಡರ ಜೆಲ್ಲನ್ನೂ ಗಾಜನ್ನೂ ಎರಡನೇ ಸಲ, ಬೇರೆಯವರ ಕಣ್ಣಿನಿಂದ ನೋಡಿಸಿ. ಎರಡು ತಪ್ಪುಗಳ ತೂಕವೂ ಒಂದೇ ಅಲ್ಲ. ಕಿಣ್ವವಿದ್ದು ವರ್ಣತಂತು ಕಾಣದಿದ್ದರೆ, ಕಣ್ಣಿಗೆ ಬೀಳದ ತುಂಡು ಎಲ್ಲೋ ಅಂಟಿಕೊಂಡಿರಬಹುದು. ವರ್ಣತಂತುವಿದ್ದು ಕಿಣ್ವ ಇಲ್ಲದಿದ್ದರೆ ಜೀನ್ ಇರುವ ಭಾಗ ಕಳಚಿ ಹೋಗಿರಬಹುದು, ಇಲ್ಲವೇ ಆ ವರ್ಣತಂತು ಹತ್ತರಲ್ಲಿ ಒಂದು ಕೋಶದಲ್ಲಿ ಮಾತ್ರ ಇದ್ದು ಜೆಲ್‌ನ ಕೈಗೆ ಸಿಗದಿರಬಹುದು. ಯಾವ ಶೇಕಡಕ್ಕಿಂತ ಮೇಲಿದ್ದರೆ ಹಾಜರಿ ಎಂದು ಎಣಿಸುತ್ತೀರಿ ಎಂಬುದನ್ನು ಜೆಲ್ ನೋಡುವ ಮೊದಲೇ ನಿಗದಿಪಡಿಸಿ. ನೋಡಿದ ಮೇಲೆ ನಿಗದಿಪಡಿಸಿದರೆ ಯಾವ ಉತ್ತರವನ್ನೂ ಹೊಂದಿಸಬಹುದು.

ಒಂದು ಕಿಣ್ವ ಎಲ್ಲ ಕ್ಲೋನ್‌ಗಳಲ್ಲೂ ಇದೆ. ಏನರ್ಥ?

ಇ36 ಬಳಸಿದ್ದರೆ ಹ್ಯಾಟ್‌ನಲ್ಲಿ ಬದುಕಲು ಇಲಿಯ ಎಚ್‌ಪಿಆರ್‌ಟಿ ಬೇಕೇ ಬೇಕು, ಅದು ಎಕ್ಸ್ ಮೇಲಿದೆ. ಹಾಗಾಗಿ ಎಕ್ಸ್ ಮೇಲಿನ ಇತರ ಕಿಣ್ವಗಳೂ ಸಾಮಾನ್ಯವಾಗಿ ಜೊತೆಗೆ ಉಳಿಯುತ್ತವೆ: ಫಾಸ್ಫೊಗ್ಲಿಸರೇಟ್ ಕೈನೇಸ್, ಗ್ಲೂಕೋಸ್-6-ಫಾಸ್ಫೇಟ್ ಡಿಹೈಡ್ರೋಜಿನೇಸ್, ಆಲ್ಫಾ ಗ್ಯಾಲಕ್ಟೊಸಿಡೇಸ್. ಎ23 ಬಳಸಿದ್ದರೆ ಹಾಗೆ ಉಳಿಯುವುದು ಥೈಮಿಡಿನ್ ಕೈನೇಸ್ ಇರುವ 11ನೇ ವರ್ಣತಂತು.

ಎಲ್ಲದರಲ್ಲೂ ಇದೆ ಎಂಬುದು ಸುಳಿವು, ಪುರಾವೆ ಅಲ್ಲ. ಪುರಾವೆಗೆ ಹಿಮ್ಮುಖ ಆಯ್ಕೆ ಬೇಕು. ಎಚ್‌ಪಿಆರ್‌ಟಿಗೆ 6-ಥಯೊಗ್ವಾನಿನ್ 5 ಮೈಕ್ರೋಗ್ರಾಂ/ಮಿಲಿಲೀಟರ್, ಥೈಮಿಡಿನ್ ಕೈನೇಸ್‌ಗೆ ಬ್ರೋಮೊಡಿಆಕ್ಸಿಯೂರಿಡಿನ್ 30 ಮೈಕ್ರೋಗ್ರಾಂ/ಮಿಲಿಲೀಟರ್. ಈಗ ಆ ಕಿಣ್ವ ಕಳೆದುಕೊಂಡ ಕೋಶ ಮಾತ್ರ ಬದುಕುತ್ತದೆ. ನೀವು ಹುಡುಕುತ್ತಿರುವ ಕಿಣ್ವವೂ ಅದರ ಜೊತೆಗೇ ಹೋದರೆ ಎರಡೂ ಒಂದೇ ವರ್ಣತಂತುವಿನಲ್ಲಿವೆ. ಹ್ಯಾಟ್‌ನಿಂದ ನೇರ ಥಯೊಗ್ವಾನಿನ್‌ಗೆ ಹಾಕಬೇಡಿ: ಅಮಿನಾಪ್ಟರಿನ್ ಕೋಶದೊಳಗೆ ದಿನಗಟ್ಟಲೆ ಉಳಿಯುತ್ತದೆ. ಒಂದು ವಾರ ಹೈಪೊಕ್ಸಾಂಥಿನ್-ಥೈಮಿಡಿನ್ ಮಾತ್ರ ಇರುವ ಮಾಧ್ಯಮದಲ್ಲಿ ಬೆಳೆಸಿ, ನಂತರ ಹೈಪೊಕ್ಸಾಂಥಿನ್ ಚೆನ್ನಾಗಿ ತೊಳೆದು ತೆಗೆಯಿರಿ. ಉಳಿದರೆ ಅದು ಥಯೊಗ್ವಾನಿನ್ ಜೊತೆ ಪೈಪೋಟಿಗೆ ನಿಲ್ಲುತ್ತದೆ.

ಇಲಿಯ ಕಿಣ್ವ ಒಂದು ಕ್ಲೋನಿನಲ್ಲೂ ಕಾಣುತ್ತಿಲ್ಲ?

ಅದು ಯಾವುದಾದರೂ ಒಂದು ಅಂಗಾಂಶಕ್ಕೆ ಸೀಮಿತವಾದ ಕಿಣ್ವವೇ ನೋಡಿ. ಅಮೈಲೇಸ್ ಜೊಲ್ಲುಗ್ರಂಥಿಯಲ್ಲಿ, ಮೇದೋಜೀರಕದಲ್ಲಿ ತಯಾರಾಗುತ್ತದೆ. ಫೈಬ್ರೋಬ್ಲಾಸ್ಟ್ ಸ್ವಭಾವದ ಹೈಬ್ರಿಡ್‌ನಲ್ಲಿ ಅದರ ಜೀನ್ ಇದ್ದರೂ ಸುಮ್ಮನಿರುತ್ತದೆ. ಜೀನ್ ಇಲ್ಲ ಎಂಬುದೂ ಜೀನ್ ಮಾತಾಡುತ್ತಿಲ್ಲ ಎಂಬುದೂ ಬೇರೆ ಬೇರೆ. ಇಲ್ಲಿ ಕಿಣ್ವದ ಬದಲು ಡಿಎನ್‌ಎಯನ್ನೇ ನೋಡಬೇಕು: ಸದರ್ನ್ ಬ್ಲಾಟ್ (ಡಿಎನ್‌ಎ ತುಂಡುಗಳನ್ನು ಗುರುತಿಸುವ ವಿಧಾನ) ಅಥವಾ ಇಲಿಯದ್ದನ್ನು ಮಾತ್ರ ಹಿಡಿಯುವ ಪ್ರೈಮರ್‌ಗಳಿಂದ ಪಿಸಿಆರ್. ಇಲಿಯ ಪಟ್ಟಿಯೂ ಹ್ಯಾಮ್‌ಸ್ಟರ್‌ನದ್ದೂ ಒಂದೇ ಜಾಗದಲ್ಲಿ ಕೂರುವ ಕಿಣ್ವಗಳಿಗೂ ಇದೇ ದಾರಿ. ಬಫರಿನ ಪಿಎಚ್ ಬದಲಿಸಿಯೋ ಐಸೊಎಲೆಕ್ಟ್ರಿಕ್ ಫೋಕಸಿಂಗ್ ಮಾಡಿಯೋ ಬೇರ್ಪಡುತ್ತವೆಯೇ ಎಂದು ಒಮ್ಮೆ ನೋಡಬಹುದು.

ಹೆಚ್ಚುವರಿ ಪಟ್ಟಿಗಳು ಬರುತ್ತಿವೆ.

ಹಳೆಯ ಲೈಸೇಟ್ ಆಗಿದ್ದರೆ ಗಂಧಕದ ಗುಂಪುಗಳು ಉತ್ಕರ್ಷಣಗೊಂಡಿರುತ್ತವೆ, ಮರ್ಕ್ಯಾಪ್ಟೊಎಥನಾಲ್ ಹಾಕಿ ಮತ್ತೆ ಓಡಿಸಿ. ನ್ಯೂಕ್ಲಿಯೊಸೈಡ್ ಫಾಸ್ಫೊರಿಲೇಸ್ ಜೆಲ್‌ನಲ್ಲಿ ಯಾವ ಪ್ರಾಣಿಗೂ ಸೇರದ ಪಟ್ಟಿ ಕಂಡರೆ ಮೈಕೊಪ್ಲಾಸ್ಮ ಪರೀಕ್ಷೆ ಮಾಡಿಸಿ. ಮುಖ್ಯ ಸಬ್‌ಸ್ಟ್ರೇಟ್ ಹಾಕದೆ ಒಂದು ಜೆಲ್ ಬಣ್ಣ ಮಾಡಿದರೆ ಸುಳ್ಳು ಪಟ್ಟಿ ಯಾವುದೆಂದು ತಕ್ಷಣ ಗೊತ್ತಾಗುತ್ತದೆ.

ವರ್ಣತಂತುವಿನ ಯಾವ ಭಾಗ ಎಂದು ಹೇಳಲು ಸಾಧ್ಯವೇ?

ಸ್ಥಾನಾಂತರ ಹೊಂದಿದ ವರ್ಣತಂತುಗಳಿರುವ ಇಲಿಯಿಂದ ಕೋಶ ತೆಗೆದರೆ ಸಾಧ್ಯ. ಎಕ್ಸ್ ಮತ್ತು 16ರ ನಡುವೆ ತುಂಡುಗಳು ಅದಲುಬದಲಾದ ಸರ್ಲ್ ಸ್ಥಾನಾಂತರ ಇದಕ್ಕೆ ಹೆಸರುವಾಸಿ. ಹ್ಯಾಟ್‌ನಲ್ಲಿ ಎಚ್‌ಪಿಆರ್‌ಟಿ ಇರುವ ತುಂಡು ಉಳಿಯುತ್ತದೆ, ಅದರ ಜೊತೆ ಯಾವ ಕಿಣ್ವಗಳು ಉಳಿದವು ಎಂದು ನೋಡಿದರೆ ಆಯಿತು. ಎರಡು ವರ್ಣತಂತುಗಳು ಬುಡದಲ್ಲಿ ಕೂಡಿಕೊಂಡ ರಾಬರ್ಟ್‌ಸೋನಿಯನ್ ಜೋಡಿಗಳು ಸೂಕ್ಷ್ಮದರ್ಶಕದಲ್ಲಿ ಥಟ್ಟನೆ ಕಾಣುತ್ತವೆ. ಆದರೆ ಎರಡೂ ತೋಳುಗಳು ಒಟ್ಟಿಗೇ ಬಂದು ಒಟ್ಟಿಗೇ ಹೋಗುವುದರಿಂದ ಕಿಣ್ವ ಯಾವ ತೋಳಿನದು ಎಂದು ಅವುಗಳಿಂದ ತಿಳಿಯದು.

ಇನ್ನೂ ಸೂಕ್ಷ್ಮಕ್ಕೆ ವಿಕಿರಣ ಹೈಬ್ರಿಡ್‌ಗಳಿವೆ. ಟಿ31 ಎಂಬ ಫಲಕದಲ್ಲಿ ಇಲಿಯ ಕೋಶಗಳಿಗೆ 3,000 ರ‍್ಯಾಡ್ ವಿಕಿರಣ ಕೊಟ್ಟು, ಚೂರಾದ ವರ್ಣತಂತುಗಳನ್ನು ಎ23 ಕೋಶಗಳಿಗೆ ಸೇರಿಸಿದ 100 ಕ್ಲೋನ್‌ಗಳಿವೆ. ಅಲ್ಲಿ ನೋಡುವುದು ಡಿಎನ್‌ಎಯನ್ನು, ಕಿಣ್ವವನ್ನಲ್ಲ.

ಮನುಷ್ಯನಲ್ಲಿ ಜೀನ್ ಎಲ್ಲಿದೆ ಎಂದು ಗೊತ್ತಿದ್ದರೆ ಇಲಿಯಲ್ಲೂ ಊಹಿಸಬಹುದೇ?

ಊಹೆಗೆ ಒಳ್ಳೆಯ ಆಧಾರ. ಮನುಷ್ಯನ 17ರಲ್ಲಿ ಜೊತೆಗಿರುವ ಥೈಮಿಡಿನ್ ಕೈನೇಸ್, ಗ್ಯಾಲಕ್ಟೊಕೈನೇಸ್ ಇಲಿಯ 11ರಲ್ಲಿ ಜೊತೆಗೇ ಇವೆ. ಮನುಷ್ಯನ 1ನೆಯದರ ಗಿಡ್ಡ ತೋಳಿನ ಈನೊಲೇಸ್-1, ಫಾಸ್ಫೊಗ್ಲುಕೊನೇಟ್ ಡಿಹೈಡ್ರೋಜಿನೇಸ್ ಇಲಿಯ 4ರಲ್ಲಿವೆ. ಹೆಸರುಗಳು ಮಾತ್ರ ಕಾಲು ಜಾರಿಸುತ್ತವೆ: ಹಳೆಯ ಬರಹಗಳಲ್ಲಿ ಇಲಿಯ 4ನೆಯದರ ಮೇಲಿನ ಪಿಜಿಎಂ-2 (ಪಿಜಿಎಂ ಅಂದರೆ ಫಾಸ್ಫೊಗ್ಲುಕೊಮ್ಯುಟೇಸ್ ಕಿಣ್ವ) ಮನುಷ್ಯನ ಪಿಜಿಎಂ-1ಕ್ಕೆ ಸಮ, ಇಲಿಯ 5ನೆಯದರ ಮೇಲಿನ ಪಿಜಿಎಂ-1 ಮನುಷ್ಯನ ಪಿಜಿಎಂ-2ಕ್ಕೆ ಸಮ. ಹಳೆಯ ಕೋಷ್ಟಕ ಓದುವಾಗ ಹೆಸರಿಗಿಂತ ವರ್ಣತಂತು ಸಂಖ್ಯೆಯನ್ನು ನಂಬಿ.

ಇಲಿಯ ಜೀನೋಮ್ 2002ರಲ್ಲೇ ಪ್ರಕಟವಾಯಿತಲ್ಲ, ಈಗ ಇದೆಲ್ಲ ಯಾಕೆ?

ಜೀನ್ ಎಲ್ಲಿದೆ ಎಂದು ತಿಳಿಯಲು ಈಗ ಯಾರೂ ಕೋಶ ಬೆಸೆಯಬೇಕಾಗಿಲ್ಲ. ಒಂದೇ ಇಲಿ ವರ್ಣತಂತು ಇರುವ ಕೋಶ ಬೇಕಾದಾಗ, ಆ ವರ್ಣತಂತು ಬಂದರೆ ಕೋಶದ ಯಾವ ಗುಣ ಬದಲಾಗುತ್ತದೆ ಎಂದು ನೋಡಬೇಕಾದಾಗ, ಮೈಕ್ರೋಕೋಶ ವರ್ಗಾವಣೆಯನ್ನು ಈಗಲೂ ಮಾಡುತ್ತಾರೆ: ಕೊಲ್ಸೆಮಿಡ್‌ನಲ್ಲಿ ದೀರ್ಘಕಾಲ ಇಟ್ಟು ನ್ಯೂಕ್ಲಿಯಸ್ಸನ್ನು ಚೂರುಚೂರು ಕೋಣೆಗಳಾಗಿಸಿ, ಸೈಟೊಕೆಲಾಸಿನ್-ಬಿ ಜೊತೆ ತಿರುಗಿಸಿ ಆ ಚೂರುಗಳನ್ನು ಹೊರತೆಗೆದು, ಹ್ಯಾಮ್‌ಸ್ಟರ್ ಕೋಶಕ್ಕೆ ಬೆಸೆಯುವುದು. ಹಾಗೆ ಪಡೆದ ಕ್ಲೋನಿನಲ್ಲಿ ಯಾವ ವರ್ಣತಂತು ಬಂದಿದೆ ಎಂಬುದನ್ನು ಪಟ್ಟೆಗಳಿಂದಲೋ ಪಿಸಿಆರ್‌ನಿಂದಲೋ ಖಚಿತಪಡಿಸಿಕೊಳ್ಳಬೇಕು, ಕೆಲವು ಪ್ಯಾಸೇಜ್‌ಗಳಿಗೊಮ್ಮೆ ಮತ್ತೆ ನೋಡಬೇಕು.